ಕೆಂಪು ಸಿಲಿಂಡರಿನ ಉಸ್ತುವಾರಿ

ಪಂಚಮಹಾಭೂತಗಳಲ್ಲಿ ಅಗ್ನಿಯಷ್ಟು ಮನುಷ್ಯನನ್ನು ಸಾಕಿದವನೂ ಇಲ್ಲ, ಹೆದರಿಸಿದವನೂ ಇಲ್ಲ. ಮದುವೆಯ ಹೋಮದಿಂದ ಮಸಣದ ಚಿತೆಯವರೆಗೆ ನಮ್ಮ ಬಾಳಿನ ಒಂದೊಂದು ಘಟ್ಟಕ್ಕೂ ಅವನೇ ಸಾಕ್ಷಿ. ಇಂಥ ದೇವರನ್ನೂ ತಡೆದು ನಿಲ್ಲಿಸಬೇಕೆಂದು ಮನುಷ್ಯ ಎಷ್ಟೋ ತಲೆಮಾರು ತಲೆ ಕೆಡಿಸಿಕೊಂಡು ಬೆಂಕಿ ಆರಿಸುವ ಒಂದು ಕೆಂಪು ಸಿಲಿಂಡರನ್ನು ಮಾಡಿದ. ಅದಕ್ಕೆ ನಮ್ಮ ಕಡೆ ಊಟದ ಡಬ್ಬಿಯ ಚೀಲ ತೂಗುಹಾಕುತ್ತಾರೆ.

ಯಾರನ್ನೋ ಹಂಗಿಸಲು ಈ ಮಾತು ಹೇಳುತ್ತಿಲ್ಲ. ನಾನೇ ತೂಗುಹಾಕಿದ್ದೇನೆ, ಅದೂ ಆ ಸಿಲಿಂಡರುಗಳ ಉಸ್ತುವಾರಿ ನನ್ನ ಹೆಸರಿನಲ್ಲೇ ಇದ್ದಾಗ.

ಇದೆಲ್ಲ ಈಗೇಕೆ ನೆನಪಾಯಿತೆಂದರೆ, ಹೋದ ವಾರ ಅಕ್ಕಲಕೋಟೆಯ ಒಂದು ಬ್ಯಾಂಕಿಗೆ ಹೋಗಿದ್ದೆ. ನಾನು ಇನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಅಲ್ಲಿ ರುಜುವಾತು ಕೊಡಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಬದುಕಿದ್ದೇನೆಂದು ಮನೆಯವರಿಗೆ ಅನುಮಾನವಿಲ್ಲ, ಬ್ಯಾಂಕಿನವರಿಗಿದೆ. ನನ್ನ ಸರದಿ ಬರಲು ಹೊತ್ತಿತ್ತು. ಸುಮ್ಮನೆ ಕೂತವನ ಕಣ್ಣು ಮೂಲೆಯ ಕುಂಡದ ಕಡೆ ಹೋಯಿತು. ಅಗಲ ಎಲೆಯ ದೊಡ್ಡ ಗಿಡ. ಅದರ ಹಿಂದೆ ಗೋಡೆಗೆ, ಸೊಸೆ ಸೆರಗಿನ ಮರೆಯಲ್ಲಿ ನಿಂತ ಹಾಗೆ, ಒಂದು ಕೆಂಪು ಸಿಲಿಂಡರು.

ನನ್ನಿಂದ ತಡೆಯಲಾಗಲಿಲ್ಲ. ಎದ್ದು ಹೋಗಿ ಎಲೆಗಳನ್ನು ಸರಿಸಿ, ಕನ್ನಡಕ ಏರಿಸಿ, ಬಗ್ಗಿ ನೋಡತೊಡಗಿದೆ. ಬಾಗಿಲಲ್ಲಿದ್ದ ಗಾರ್ಡು ಬಂದೂಕು ಸರಿಮಾಡಿಕೊಳ್ಳುತ್ತ ಬಂದ.

“ಅಜ್ಜಾರ, ಏನ ಹುಡಕಾಕತ್ತೀರಿ?”

“ಕಾಟಾ ನೋಡಾಕತ್ತೀನಪಾ.”

“ಯಾವ ಕಾಟಾ?”

“ಇದರ ಮ್ಯಾಲ ಸಣ್ಣ ಗಡಿಯಾರದಂಗ ಐತಲ್ಲ, ಅದರಾಗಿನ ಮುಳ್ಳು. ಹಸರ ಪಟ್ಟಿ ಮ್ಯಾಲ ಇರಬೇಕು. ಕೆಂಪಿಗೆ ಬಂದಿತ್ತಂದ್ರ ಒಳಗಿನ ಒತ್ತಡ ಹೋಗೇತಿ ಅಂತ.”

ಅವನು ಬಗ್ಗಿ ನೋಡಿದ. ಎಷ್ಟೋ ವರ್ಷ ಅದರ ಪಕ್ಕದಲ್ಲೇ ನಿಂತವನಿಗೆ ಅದಕ್ಕೊಂದು ಗಡಿಯಾರವಿದೆಯೆಂದು ಅವತ್ತೇ ಗೊತ್ತಾದದ್ದು.

“ಅದು ಮ್ಯಾನೇಜರ್ ಸಾಹೇಬ್ರಿಗೆ ಸಂಬಂಧರಿ. ನಾ ಬರೇ ಬಂದೂಕಿಂದು ನೋಡ್ಕೋತೀನಿ.”

“ಅದರಾಗ ಗುಂಡು ಅದಾವೇನು?”

ಅವನು ಆಚೀಚೆ ನೋಡಿ ದನಿ ಇಳಿಸಿದ. “ಅದನ್ನ ಕೇಳಬಾರದ್ರಿ ಅಜ್ಜಾರ.”

ಕಾಟಾ ಹಸಿರಿನಲ್ಲೇ ಇತ್ತು. ಬ್ಯಾಂಕಿನವರ ಮೇಲೆ ನನ್ನ ದೂರಿಲ್ಲ. ದೂರಿರುವುದು ಗಿಡದ ಮೇಲೆ. ಹೊತ್ತು ಬಂದಾಗ ಕೈಗೆ ಸಿಗದ ಸಿಲಿಂಡರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಷ್ಟು ಶಾಣ್ಯಾತನ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿನಿಂದ ಬಂದದ್ದನ್ನು ಕೇಳಿದರೆ ನೀವು ನಗುತ್ತೀರಿ.

ನಾನು ಹುಟ್ಟಿ ಬೆಳೆದದ್ದು ಕುರನೂರಿನಲ್ಲಿ. ನಮ್ಮ ಮನೆಯಲ್ಲಿ ಬೆಂಕಿ ಆರಿಸುವುದು ಎಂಬ ಕೆಲಸವೇ ಇರಲಿಲ್ಲ. ಬೆಂಕಿ ಆರದ ಹಾಗೆ ನೋಡಿಕೊಳ್ಳುವುದೇ ಕೆಲಸ. ಊಟ ಮುಗಿದ ಮೇಲೆ ಅವ್ವ ಒಲೆಯ ಕೆಂಡಗಳನ್ನು ಒಟ್ಟುಮಾಡಿ ಮೇಲೆ ಬೂದಿ ಹೊದಿಸುತ್ತಿದ್ದಳು. ನಮಗೆ ಕೌದಿ ಹೊದಿಸುವಾಗಲೂ ಅಷ್ಟು ಜೋಪಾನ ಮಾಡಿದ್ದು ನನಗೆ ನೆನಪಿಲ್ಲ. ಬೆಳಗ್ಗೆ ಬೂದಿ ಕೆದರಿ ಊದಿದರೆ ಕೆಂಡ ಕಣ್ಣು ಬಿಡುತ್ತಿತ್ತು. ಬಿಡದ ದಿನ ನನ್ನ ಕೈಯಲ್ಲಿ ಒಂದು ತುಂಡು ಸೆಗಣಿಯ ಕುಳ್ಳು ಕೊಟ್ಟು ಪಕ್ಕದ ಮನೆಗೆ ಅಟ್ಟುವಳು. ಅಲ್ಲಿ ಕುಳ್ಳಿನ ಮೇಲೆ ಒಂದು ಕೆಂಡ ಇಡಿಸಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ಅಡ್ಡಡ್ಡ ನಡೆಯುತ್ತ ತರಬೇಕು. ಒಮ್ಮೆ ತಂಬಿಗೆಯ ನೀರು ಕೈಜಾರಿ ಒಲೆಯೊಳಗೆ ಬಿತ್ತು. ಉರಿಯುವ ಒಲೆಗೆ ನೀರು ಹಾಕುವುದು ಮನೆಗೆ ಕೇಡು ಎಂದು ನಂಬಿದ ಮನೆ ಅದು. ಅವ್ವ ಊದುಗೊಳವಿ ಎತ್ತಿಕೊಂಡು ಬೆನ್ನ ಮೇಲೆ ಎರಡು ಕೊಟ್ಟಳು. ನನ್ನ ಆಯುಷ್ಯದಲ್ಲಿ ನಾನೊಬ್ಬನೇ ಪೂರ್ತಿಯಾಗಿ ಆರಿಸಿದ ಬೆಂಕಿ ಅದೊಂದೇ. ಅದಕ್ಕೆ ಸಿಕ್ಕ ಬಹುಮಾನ ಅದು.

ಬೆಂಕಿ ಆರಿಸಲು ಸರಕಾರೀ ಏರ್ಪಾಡು ಎಂಬುದೊಂದು ಇದೆಯೆಂದು ತಿಳಿದದ್ದು ಅಕ್ಕಲಕೋಟೆಯ ಟಾಕೀಜಿನಲ್ಲಿ. ಬಾಗಿಲ ಪಕ್ಕದಲ್ಲಿ ಮರದ ಚೌಕಟ್ಟಿಗೆ ಸಾಲಾಗಿ ಕೆಂಪು ಬಕೆಟ್ಟುಗಳು, ಅವುಗಳ ತುಂಬ ಉಸುಕು. ನನ್ನನ್ನು ಕರೆದೊಯ್ದಿದ್ದ ಸೋದರಮಾವನನ್ನು ಕೇಳಿದೆ: “ಮಾಮಾ, ಈ ಉಸಕ ಯಾತಕ್ಕ?” ಮಾವ ಬಾಯೊಳಗಿನ ಎಲೆಅಡಿಕೆಯನ್ನು ಅದರೊಳಗೆ ಪಿಚಕ್ಕನೆ ಉಗಿದು, “ಇದಕ್ಕ,” ಅಂದ. ಬಹಳ ದಿನ ನಾನು ಅದನ್ನೇ ನಂಬಿದ್ದೆ. ಉಸುಕಿನ ಬಣ್ಣ ನೋಡಿದರೆ ಊರೆಲ್ಲ ನಂಬಿದಂತಿತ್ತು.

ಇಂಥ ವಿದ್ಯಾಭ್ಯಾಸ ಮುಗಿಸಿಕೊಂಡು ನಾನು ಸೊಲ್ಲಾಪುರಕ್ಕೆ ಬಂದೆ. ಟಾವೆಲ್ ನೇಯುವ ಒಂದು ಕಾರಖಾನೆಯಲ್ಲಿ ಕಾರಕೂನನಾದೆ, ಕ್ರಮೇಣ ಹೆಡ್‌ಕ್ಲಾರ್ಕ್ ಆದೆ. ಟಾವೆಲ್ ಕಾರಖಾನೆ ನೋಡದವರಿಗೆ ಒಂದು ಮಾತು: ಅಲ್ಲಿ ಗಾಳಿಯೇ ಹತ್ತಿಯದು. ಮಗ್ಗಗಳ ಸಂದಿಯಲ್ಲಿ, ಪಂಖಾದ ರೆಕ್ಕೆಯ ಮೇಲೆ, ಟ್ಯೂಬ್‌ಲೈಟಿನ ಬೆನ್ನಿಗೆ, ಕೆಲಸದವರ ಹುಬ್ಬಿನ ಮೇಲೆ ಸಹ ಬಿಳಿ ಧೂಳು. ಸಂಜೆಗೆ ಎಲ್ಲರೂ ಮುದುಕರಾಗಿ ಹೊರಗೆ ಬಂದು ನಳದ ನೀರಿನಲ್ಲಿ ಮುಖ ತೊಳೆದು ಮತ್ತೆ ಪ್ರಾಯಕ್ಕೆ ಬರುತ್ತಿದ್ದರು. ಇಂಥ ಜಾಗದಲ್ಲಿ ಒಂದು ಕಿಡಿ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ವರ್ಷ ವಿಮೆಯವರು ಬಂದು, ಇಲ್ಲಿ ಒಂಬತ್ತು ಸಿಲಿಂಡರು ಬೇಕು, ಅವುಗಳಿಗೆ ಒಬ್ಬ ಜವಾಬ್ದಾರ ಮನುಷ್ಯನೂ ಬೇಕು ಎಂದರು. ಸಿಲಿಂಡರುಗಳನ್ನು ಮಾಲಕರು ತರಿಸಿದರು. ಜವಾಬ್ದಾರ ಮನುಷ್ಯ ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ. ಅವರು ಫಾರ್ಮು ಹಿಡಿದು ಆಫೀಸಿನಲ್ಲಿ ಒಂದು ಸುತ್ತು ಕಣ್ಣಾಡಿಸಿದರು.

“ಅಣ್ಣಾರಾವ್, ತುಮ್ಚಂ ನಾವ್ ಟಾಕತೋ. ನಿಮ್ಮ ಹೆಸರ ಹಾಕ್ತೀನಿ. ನಿಮ್ಮ ಅಕ್ಷರ ದುಂಡಗ ಅದಾವ.”

ಅಕ್ಷರ ದುಂಡಗಿದ್ದವನಿಗೆ ಬೆಂಕಿ ಅಂಜುತ್ತದೆ ಎಂಬ ಅವರ ನಂಬಿಕೆಯನ್ನು ನಾನು ಒಡೆಯಲಿಲ್ಲ. ಪ್ರತಿ ಸಿಲಿಂಡರಿನ ಕೊರಳಿಗೂ ಒಂದು ಕಾರ್ಡು. ತಿಂಗಳ ಒಂದನೇ ತಾರೀಖಿಗೆ ಒಂದೊಂದನ್ನೂ ನೋಡಿ ಕಾರ್ಡಿನಲ್ಲಿ ಸಹಿ ಮಾಡಬೇಕು. ಮೊದಲ ನಾಲ್ಕು ತಿಂಗಳು ನಾನು ಒಂಬತ್ತರ ಮುಂದೂ ನಿಂತು, ಕಾಟಾ ನೋಡಿ, ಪಿನ್ನು ಮುಟ್ಟಿ, “ಕಾಟಾ ಹಸಿರು, ಸರ್ವ ಠೀಕ್” ಎಂದು ಬರೆದೆ. ಆಮೇಲೆ ಬಾಗಿಲಲ್ಲಿ ನಿಂತು ದೂರದಿಂದ ನೋಡಿ ಬರೆದೆ. ಆಮೇಲೆ ಕಾರ್ಡುಗಳನ್ನು ಬಿಚ್ಚಿ ಟೇಬಲ್ಲಿಗೇ ತರಿಸಿಕೊಂಡೆ. ಒಮ್ಮೆ ಮಗಳ ಮದುವೆಯ ಗಡಿಬಿಡಿಯಲ್ಲಿ ಮುಂದಿನ ಮೂರು ತಿಂಗಳದ್ದನ್ನೂ ಸೇರಿಸಿಯೇ ಬರೆದೆ. ಭವಿಷ್ಯ ಹೇಳುವವರು ಕೂಡ ಇಷ್ಟು ಧೈರ್ಯದಿಂದ ಸಹಿ ಮಾಡುವುದಿಲ್ಲ.

ಈ ಕಾರಖಾನೆಯಲ್ಲಿ ನನ್ನನ್ನು ಅಳೆದು ತೂಗಿದವಳು ಒಬ್ಬಳೇ, ಅಂಬವ್ವ. ಭಂಡಾರಕವಠೆಯವಳು. ಟಾವೆಲ್ಲಿನ ಅಂಚು ಹೊಲಿಯುವ ಶಿಲಾಯಿ ಖಾತೆಗೆ ಹಿರಿಯಳು. ಹದಿನಾಲ್ಕು ಮಂದಿ ಹೆಣ್ಣುಮಕ್ಕಳು ಅವಳ ಕಣ್ಣಳತೆಯಲ್ಲಿ ಕೆಲಸ ಮಾಡುತ್ತಿದ್ದರು. ಮಷಿನ್ನಿನ ಸಪ್ಪಳದ ಮೇಲೆ ಮಾತಾಡಿ ರೂಢಿಯಾದ ದನಿ, ಗುಟ್ಟು ಹೇಳಿದರೂ ಗೇಟಿನವರೆಗೆ ಕೇಳುತ್ತಿತ್ತು.

ಸಿಲಿಂಡರುಗಳು ಬಂದ ಹೊಸತರಲ್ಲಿ ಅವುಗಳ ಕಂಪನಿಯ ಒಬ್ಬ ಮನುಷ್ಯ ಬಂದು ಅಂಗಳದಲ್ಲಿ ಪಾಠ ಮಾಡಿದ್ದ. ಒಂದು ತಗಡಿನ ತಾಟಿನಲ್ಲಿ ಎಣ್ಣೆಯ ಚಿಂದಿ ಹಾಕಿ ಕಡ್ಡಿ ಗೀರಿ, ಮರಾಠಿಯಲ್ಲಿ ವಿವರಿಸಿದ. ಮೊದಲು ಪಿನ್ನು ಎಳೆಯಬೇಕು. ಗಾಳಿ ನಮ್ಮ ಬೆನ್ನಿಗಿರಬೇಕು, ಹೊರಗೆ ಹೋಗುವ ಬಾಗಿಲೂ ಬೆನ್ನಿಗೇ ಇರಬೇಕು. ನಳಿಗೆಯ ಮೂತಿ ಜ್ವಾಲೆಗಲ್ಲ, ಜ್ವಾಲೆಯ ಬುಡಕ್ಕೆ. ಹಿಡಿಕೆ ಒತ್ತಿ, ಆ ಕಡೆಯಿಂದ ಈ ಕಡೆಗೆ ಆಡಿಸಬೇಕು.

“ಕಸಾ ಹೊಡದಂಗ,” ಅಂದಳು ಅಂಬವ್ವ. ಅವಳಿಗೆ ಮೊದಲು ಕೊಟ್ಟರು. ಅಂಗಳ ಗುಡಿಸಿದ ಹಾಗೆ ಎರಡು ಬೀಸು ಬೀಸಿ ಆರಿಸಿಬಿಟ್ಟಳು.

ನಂತರ ಉಸ್ತುವಾರಿಯವರ ಸರದಿ. ನಾನು ಶರ್ಟಿನ ತೋಳು ಮಡಚಿ, ಕಂಠ ಸರಿಮಾಡಿಕೊಂಡು, ಗಾಳಿಗೆ ಎದುರಾಗಿ ನಿಂತು, ಜ್ವಾಲೆಯ ನೆತ್ತಿಗೆ ಗುರಿಯಿಟ್ಟು ಒತ್ತಿದೆ. ಒಳಗಿನ ಪುಡಿಯೆಲ್ಲ ತಿರುಗಿ ನನ್ನ ಮೇಲೇ ಬಂತು. ಹೊಗೆ ತಿಳಿಯಾದಾಗ ತಾಟು ಉರಿಯುತ್ತಲೇ ಇತ್ತು. ನಾನು ಹಿಟ್ಟಿನ ಗಿರಣಿಯವನ ಹಾಗೆ ನಿಂತಿದ್ದೆ.

“ಅಣ್ಣಾರ, ಕಣ್ಣ ಎಲ್ಲದಾವು ತೋರಸ್ರಿ, ಅಷ್ಟ ಒರಸತೀನಿ,” ಅಂದಳು ಅಂಬವ್ವ. ಹದಿನಾಲ್ಕು ಮಂದಿ ಸೆರಗು ಬಾಯಿಗೆ ಹಿಡಿದರು.

ಆ ಮನುಷ್ಯ ಇನ್ನೂ ಬಹಳ ಹೇಳಿದ. ಪುಡಿ ತಳಕ್ಕೆ ಕೂತು ಗಟ್ಟಿಯಾಗುತ್ತದೆ, ಆಗಾಗ ಸಿಲಿಂಡರನ್ನು ತಲೆಕೆಳಗು ಮಾಡಿ ಅಲುಗಿಸಬೇಕು. ಅರೆಗಳಿಗೆ ಬಳಸಿದರೂ ಮತ್ತೆ ತುಂಬಿಸಬೇಕು. ವಿದ್ಯುತ್ತಿನ ಬೆಂಕಿಗೆ ನೀರು ಹಾಕಬಾರದು, ಅದಕ್ಕೆ ತಣ್ಣನೆಯ ಅನಿಲ ಉಗುಳುವ ಈ ಕರಿ ಕಹಳೆಯ ಸಿಲಿಂಡರು, ಆದರೆ ಕಹಳೆಯನ್ನು ಬರಿಗೈಯಿಂದ ಹಿಡಿಯಬಾರದು, ಚಳಿಗೆ ಕೈ ಸುಡುತ್ತದೆ. ಗೇಟಿನ ಬಸಣ್ಣ ಇಲ್ಲಿ ಎದ್ದು ನಿಂತ. “ಬೆಂಕಿ ಆರಸೂದು ಥಂಡಿಲೆ ಕೈ ಸುಡತೈತೇನ್ರಿ? ಹಂಗಾರ ಬೆಂಕೀನ ಛಲೋ ಅಲ್ಲೇನ್ರಿ?” ನಾನಂತೂ ಎಲ್ಲವನ್ನೂ ದುಂಡಗೆ ಬರೆದು ಫೈಲಿನಲ್ಲಿಟ್ಟೆ. ಬರೆದಿಟ್ಟ ಮೇಲೆ ಮರೆಯಲು ಬಹಳ ಅನುಕೂಲ.

ಬಸಣ್ಣನ ಬಗ್ಗೆ ಎರಡು ಮಾತು ಹೇಳಲೇಬೇಕು. ವಾಗದರಿಯವನು. ಗೇಟು ಕಾಯುವುದು ಅವನ ಹುದ್ದೆ. ಕೈ ಸುಮ್ಮನಿರುವುದಿಲ್ಲವೆಂದು ಬಣ್ಣ ಹಚ್ಚುವುದು, ಬಲ್ಬು ಬದಲಿಸುವುದು, ಬೆಕ್ಕು ಓಡಿಸುವುದು ಎಲ್ಲ ಮಾಡುತ್ತಿದ್ದ. ಗೇಟಿಗೆ ಅಂಟಿದ ಒಂದೇ ಖೋಲಿಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದ. ಮಕ್ಕಳು ಪಾಟಿಚೀಲ ಹೊತ್ತು ಹತ್ತಿರದ ಸಾಲಿಗೆ ನಡೆದೇ ಹೋಗಿ ಬರುತ್ತಿದ್ದವು. ನೌಕರಿ ಇರುವತನಕ ಖೋಲಿ, ಖೋಲಿ ಇರುವತನಕ ಸಾಲಿ. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಮನುಷ್ಯ. ಇಂಥವರ ಜೊತೆ ಮಾತಾಡುವಾಗ ನೋಡಿ ಮಾತಾಡಬೇಕೆಂದು ನಮಗೆ ತಡವಾಗಿ ಹೊಳೆಯುತ್ತದೆ.

ನಮ್ಮ ಕಡೆ ಕಾರಖಾನೆಯವರಿಗೆ ದೊಡ್ಡ ಹಬ್ಬ ಖಂಡೇನವಮಿ. ರೈತರು ಕುಡ-ಕುರಪಿ ಇಟ್ಟು ಪೂಜೆ ಮಾಡುವಂತೆ ನಾವು ಮಗ್ಗ, ಕತ್ತರಿ, ತಕ್ಕಡಿ, ಶಿಲಾಯಿ ಮಷಿನ್, ನನ್ನ ಕಂಪ್ಯೂಟರು ಎಲ್ಲವಕ್ಕೂ ಅರಿಶಿನ ಕುಂಕುಮ ಹಚ್ಚುತ್ತೇವೆ. ವರ್ಷವೆಲ್ಲ ದುಡಿದ ಕಬ್ಬಿಣಕ್ಕೆ ಒಂದು ದಿನ ಕೈಮುಗಿಯದಿದ್ದರೆ ಅದು ಸಿಟ್ಟಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಧೂಳು ಹೊಡೆದು ಬಣ್ಣ ಬಳಿಯುವುದು. ಸಿಲಿಂಡರುಗಳು ಬಂದು ಕೆಲವು ವರ್ಷಗಳಾಗಿದ್ದವು. ಆ ವರ್ಷ ನಾನು ಪೇಢೆ ಎಷ್ಟು, ಹೂ ಎಷ್ಟು, ಯಾರಿಗೆ ಶಾಲು ಎಂದು ಪಟ್ಟಿ ಬರೆಯುವುದರಲ್ಲಿ ಮುಳುಗಿದ್ದೆ. ಅಂಬವ್ವ ಚೆಂಡು ಹೂವಿನ ಲೆಕ್ಕ ಹೇಳಲು ಬಂದು ನಿಂತಿದ್ದಳು. ಬಸಣ್ಣ ಕೆಂಪು ಬಣ್ಣದ ಡಬ್ಬಿ ಹಿಡಿದು ಬಾಗಿಲಲ್ಲಿ ಬಂದ.

“ಸಾಹೇಬ್ರ, ಗೇಟಿಗೆ ಹಚ್ಚಿ ಬಣ್ಣ ಉಳದೈತ್ರಿ. ಆ ಸಿಲಿಂಡರಗೋಳು ಮಾಸ್ಯಾವ. ಹಚ್ಚಲೇನ್ರಿ?”

“ಹಚ್ಚು ಹಚ್ಚು. ಹೊಸಾವು ಬಂದಂಗ ಕಾಣಬೇಕು. ಒಂದ ಇಂಚೂ ಬಿಡಬ್ಯಾಡ.”

“ಮ್ಯಾಲ ಒಂದು ಗಾಜು ಐತಲ್ರಿ, ಅದಕ್ಕ?”

“ಎಲ್ಲಾದಕ್ಕೂ ಅಂದ್ರ ಎಲ್ಲಾದಕ್ಕೂ, ಮಾರಾಯಾ. ಪೇಢೆ ಎಷ್ಟ ಬರದೆ ಅನ್ನೂದ ಮರತ್ ಹೋತು ನೋಡು.”

ಅವನು ಎಲ್ಲದಕ್ಕೂ ಹಚ್ಚಿದ. ಎರಡು ಸಲ ಹಚ್ಚಿದ. ಪಿನ್ನಿಗೆ, ಪಿನ್ನಿನ ಬಳೆಗೆ, ಹಿಡಿಕೆಗೆ, ನಳಿಗೆಗೆ, ಕಾಟಾದ ಗಾಜಿಗೆ, ಸೂಚನೆಯ ಚೀಟಿಗೆ. ಕಾರ್ಡುಗಳನ್ನು ಮಾತ್ರ ಬಿಚ್ಚಿಟ್ಟು ಒಣಗಿದ ಮೇಲೆ ಕಟ್ಟಿದ್ದ, ಸಾಹೇಬರ ಅಕ್ಷರ ಕೆಡಬಾರದೆಂದು. ಹಬ್ಬದ ದಿನ ಕುಂಕುಮ ಇಟ್ಟುಕೊಂಡು, ಚೆಂಡು ಹೂವಿನ ಮಾಲೆ ಹಾಕಿಕೊಂಡು ಒಂಬತ್ತೂ ಮದುಮಕ್ಕಳ ಹಾಗೆ ಹೊಳೆಯುತ್ತಿದ್ದವು. ಹಬ್ಬಕ್ಕೆ ಕರೆಸಿದ ಪಾಹುಣ್ಯರು ಮಗ್ಗ ಬಿಟ್ಟು ಅವನ್ನೇ ನೋಡಿದರು. ಮಾಲಕರು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಮುಂದಿನ ಒಂದನೇ ತಾರೀಖಿಗೆ ಯಥಾಪ್ರಕಾರ “ಕಾಟಾ ಹಸಿರು, ಸರ್ವ ಠೀಕ್” ಎಂದು ಬರೆದೆ. ಸಂಜೆ ಶಿಲಾಯಿ ಖಾತೆಯ ಕಾರ್ಡನ್ನು ತಾನೇ ಕಟ್ಟಲು ಅಂಬವ್ವ ಒಯ್ದವಳು ಹಾಗೇ ಹಿಡಿದುಕೊಂಡು ತಿರುಗಿ ಬಂದಳು.

“ಅಣ್ಣಾರ, ಕಾಟಾ ಎಲ್ಲೈತ್ರಿ?”

“ಬಣ್ಣದ ಒಳಗ ಐತಿ.”

“ಹಸರ ಐತಿ ಅಂತ ಹೆಂಗ ಗೊತ್ತಾತು?”

“ಮೊದಲ ಹಸರ ಇತ್ತಲ್ಲ.”

“ನಮ್ಮ ಅತ್ತಿನೂ ಮೊದಲ ಛಲೋ ಇದ್ಲರಿ.”

“ಬಸಣ್ಣಗ ಹೇಳಿ ಕೆರಸ್ತೀನಿ, ತಗೋ.”

“ಯಾವಾಗ?”

“ನಾಳಿ.”

ನಾಳೆ ಎಂಬ ದಿನ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಕಾರ್ಡು ಹಿಡಿದು ಕಟ್ಟಲು ಹೋದಳು.

ದೀಪಾವಳಿ ಕಳೆದು ಕೆಲವು ದಿನ. ಶಿಲಾಯಿ ಖಾತೆಯಲ್ಲಿ ಟಾವೆಲ್ ಒಟ್ಟುವ ಒಂದು ಕಬ್ಬಿಣದ ಮಾಡ ಮುರಿದು, ವೆಲ್ಡಿಂಗಿನವನು ಬಂದು ಬೆಸುಗೆ ಹಾಕಿ ಹೋದ. ಊಟದ ಹೊತ್ತಾದ್ದರಿಂದ ಹೆಣ್ಣುಮಕ್ಕಳು ಹೊರಗಿದ್ದರು. ಅವನ ಕಿಡಿಯೊಂದು ಹಾರಿ ಅಂಚು ಕತ್ತರಿಸಿದ ಚೂರುಗಳ ರಾಶಿಯೊಳಗೆ ಅಡಗಿದ್ದನ್ನು ಯಾರೂ ನೋಡಲಿಲ್ಲ. ಆ ರಾಶಿಯನ್ನು ಸರಿಸಿ, ಒಂದು ಸಿಲಿಂಡರು ಪಕ್ಕಕ್ಕಿಟ್ಟು, ಆಮೇಲೆ ಬೆಸುಗೆಗೆ ಅಪ್ಪಣೆ ಕೊಡಬೇಕು. ಇದೂ ನನ್ನ ಫೈಲಿನಲ್ಲಿ ದುಂಡಗೆ ಬರೆದಿತ್ತು. ಹತ್ತಿಯ ಕಿಡಿ ನಮ್ಮ ಅವ್ವನ ಕೆಂಡದ ಹಾಗೆ, ಮುಚ್ಚಿದಷ್ಟೂ ಬದುಕುತ್ತದೆ. ಊಟ ಮುಗಿದು ಮಷಿನ್ನುಗಳು ಮತ್ತೆ ಓಡತೊಡಗಿ ಅರ್ಧ ತಾಸಾಗಿರಬೇಕು. ಅಂಬವ್ವನ ದನಿ ಎರಡು ಗೋಡೆ ದಾಟಿ ಬಂತು.

“ಅಣ್ಣಾರ! ಬೆಂಕಿ!”

ನಾನು ಓಡಿದೆ. ಓಡಿದೆನೆಂದು ಈಗ ಹೇಳುತ್ತೇನೆ, ನೋಡಿದವರು ನಡೆದು ಬಂದರು ಎನ್ನುತ್ತಾರೆ. ಮೂಲೆಯಲ್ಲಿ ರಾಶಿ ಭುಗ್ಗೆಂದು ಎದ್ದಿತ್ತು, ಪಕ್ಕದ ಟಾವೆಲ್ ಗಂಟುಗಳಿಗೆ ನಾಲಿಗೆ ಚಾಚುತ್ತಿತ್ತು. ಗೋಡೆಯ ಸಿಲಿಂಡರಿಗೆ ಕೈ ಹಾಕಿದೆ. ಮೊದಲು ಅದರ ಮೇಲಿನ ನಾಲ್ಕು ಡಬ್ಬಿಚೀಲ ಇಳಿಸಬೇಕಾಯಿತು. ಬೆಂಕಿಯ ಎದುರಿಗೆ ನಿಂತು ಒಂದೊಂದೇ ಊಟದ ಚೀಲವನ್ನು ನೆಲಕ್ಕೆ ಇಳಿಸಿಡುವ ಕೆಲಸ ನಿಮ್ಮ ಶತ್ರುವಿಗೂ ಬೇಡ. ನಾಲ್ಕನೆಯದು ನನ್ನದೇ.

ಪಿನ್ನಿನ ಬಳೆ ಹಿಡಿದು ಎಳೆದೆ. ಬರಲಿಲ್ಲ. ಎರಡು ಪದರ ಬಣ್ಣ ಒಣಗಿ ಪಿನ್ನನ್ನು ಹಿಡಿಕೆಗೆ ಎರಕ ಹೊಯ್ದಿತ್ತು. ಜೋರಾಗಿ ಎಳೆದೆ, ಬಳೆ ಮಾತ್ರ ಕಿತ್ತು ಕೈಗೆ ಬಂತು. ಅಷ್ಟರಲ್ಲಿ ಬಸಣ್ಣ ಮಗ್ಗದ ಶೆಡ್ಡಿನಿಂದ ಇನ್ನೊಂದನ್ನು ಹೊತ್ತು ತಂದು, ಪಕ್ಕಡದಿಂದ ಪಿನ್ನು ಕಿತ್ತು, ಬುಡಕ್ಕೆ ಸರಿಯಾಗಿ ಗುರಿಯಿಟ್ಟು ಹಿಡಿಕೆ ಒತ್ತಿದ. ಅದು ಮುದುಕ ಎದ್ದು ಕೂತ ಹಾಗೆ ಒಂದು ಉಸಿರು ಬಿಟ್ಟು ಸುಮ್ಮನಾಯಿತು. ಒಳಗೆ ಒತ್ತಡವೇ ಇರಲಿಲ್ಲ.

“ಸಾಹೇಬ್ರ, ಇದು ಸತ್ತೈತ್ರಿ!”

ಅಂಬವ್ವ ನಮ್ಮಿಬ್ಬರನ್ನೂ ಕಾಯಲಿಲ್ಲ. ಆಗಲೇ ಹದಿನಾಲ್ಕೂ ಮಂದಿಯನ್ನು ಹಿಂದಿನ ಬಾಗಿಲಿಂದ ಹೊರಗೆ ದಬ್ಬಿ, ಎಣಿಸಿ, ಅಗ್ನಿಶಾಮಕದವರಿಗೆ ಫೋನು ಮಾಡಿಸಿ, ಮೇನ್ ಸ್ವಿಚ್ ಎಳೆದು ಬಂದಿದ್ದಳು. “ಹಸಿ ಟಾವೆಲ್ ತರ್ರಿ, ರಂಗಿನ ಖೋಲ್ಯಾಗಿಂದು!” ಎಂದು ಕೂಗಿದಳು. ಬಣ್ಣ ಹಾಕುವ ಕೋಣೆಯಲ್ಲಿ ತೊಟ್ಟಿಯ ತುಂಬ ನೀರಲ್ಲಿ ನೆನೆದ ಟಾವೆಲ್ಲುಗಳಿದ್ದವು. ಮಗ್ಗದ ಶೆಡ್ಡಿನ ಗಂಡಸರು ಕೈಯಿಂದ ಕೈಗೆ ದಾಟಿಸಿದರು. ಅವಳು ಬಾಗಿಲನ್ನು ಬೆನ್ನಿಗಿಟ್ಟುಕೊಂಡು ಒಂದೊಂದನ್ನೂ ಬಿಚ್ಚಿ ಬೀಸಿ ರಾಶಿಯ ಮೇಲೆ ಹಾಸತೊಡಗಿದಳು. ನೀರು ಸೋರುವ ದಪ್ಪ ಟಾವೆಲ್ಲಿನ ಕೆಳಗೆ ಬೆಂಕಿ ಚುರ್ರೆಂದು ಕೂತಿತು. ಬಸಣ್ಣ ಇನ್ನೂ ಹತ್ತದ ಗಂಟುಗಳನ್ನು ಒಂದೊಂದಾಗಿ ಎಳೆದು ದೂರ ಹಾಕಿದ. ಕೊನೆಯದಕ್ಕೆ ಒಳಗೆ ಹತ್ತಿತ್ತು. ಅದು ಅವನಿಗೆ ಗೊತ್ತಾದದ್ದು ಎರಡೂ ಅಂಗೈ ಸುಟ್ಟ ಮೇಲೆ.

ಅಗ್ನಿಶಾಮಕದವರ ಗಂಟೆ ಕೇಳಿಸುವ ಹೊತ್ತಿಗೆ ಹೊಗೆ ಮಾತ್ರ ಉಳಿದಿತ್ತು. ಒಂದು ಮಾಡ, ಎರಡು ಗಂಟು, ಚೂರಿನ ರಾಶಿ ಹೋಯಿತು. ಹೋಗದಿದ್ದದ್ದನ್ನು ಲೆಕ್ಕ ಹಾಕಲು ನನಗೆ ಅವತ್ತು ಧೈರ್ಯ ಬರಲಿಲ್ಲ.

ಮರುದಿನ ಬೆಳಗ್ಗೆ ಮಾಲಕರು ಆ ಎರಡೂ ಸಿಲಿಂಡರುಗಳನ್ನು ತಮ್ಮ ಟೇಬಲ್ಲಿನ ಮೇಲೆ ಇಡಿಸಿಕೊಂಡಿದ್ದರು. ಸತ್ತದ್ದರ ಗಾಜನ್ನು ಕೀಲಿಕೈಯಿಂದ ಕೆರೆದರು. ಕೆಂಪು ಚಕ್ಕೆ ಉದುರಿತು, ಒಳಗೆ ಕಾಟಾ ಕಂಡಿತು, ಅದೂ ಕೆಂಪಿನಲ್ಲೇ ಇತ್ತು.

“ಹೇ ಕೋಣೀ ಕೇಲಂ? ಈ ಬಣ್ಣ ಯಾರ ಹಚ್ಯಾರ?”

ಎರಡೂ ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಸಣ್ಣ ಗೋಡೆಗೆ ನಿಂತಿದ್ದ.

“ನಾನ್ರಿ.”

“ಕಾಟಾ ಮುಚ್ಚಿ ಬಳದೀಯಲ್ಲ, ತಲಿ ಐತಿಲ್ಲೋ? ಹದಿನಾಲ್ಕ ಹೆಣಮಕ್ಕಳು ಇದ್ರ ಅಲ್ಲೆ!”

“ತಪ್ಪಾತ್ರಿ.”

“ತಪ್ಪಾತ್ರಿ ಅಂದ್ರ ಮುಗೀತು? ಉದ್ಯಾಪಾಸೂನ್ ಯೇವೂ ನಕೋ. ನಾಳಿಂದ ಬರಬ್ಯಾಡ. ಖೋಲಿ ಖಾಲಿ ಮಾಡು.”

ಬಸಣ್ಣ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು, ಕಣ್ಣು ತಪ್ಪಿಸಿಕೊಳ್ಳುವ ಕೆಲಸವಾದರೂ ನನಗೆ ಸಿಗುತ್ತಿತ್ತು.

ಆಗ ನನ್ನೊಳಗೆ ಒಂದು ಸಮಿತಿ ಕೂಡಿತು. ಸದಸ್ಯರೆಲ್ಲ ನನ್ನ ಕಡೆಯವರೇ. ಒಬ್ಬ ಹೇಳಿದ, ಬಣ್ಣ ಹಚ್ಚು ಅಂದದ್ದು ನಿಜ, ಗಾಜಿಗೂ ಹಚ್ಚು ಎಂದರೆ ಯಾರಾದರೂ ಹಚ್ಚುತ್ತಾರೆಯೇ. ಇನ್ನೊಬ್ಬ, ನಿವೃತ್ತಿಗೆ ಎರಡೇ ವರ್ಷ ಇದೆ ಎಂದು ನೆನಪಿಸಿದ. ಮೂರನೆಯವನು ಬಹಳ ದೊಡ್ಡ ಮನಸ್ಸಿನವನು. ಈಗ ಸುಮ್ಮನಿರು, ಸಿಟ್ಟು ಇಳಿದ ಮೇಲೆ ಬಸಣ್ಣನ ಪರವಾಗಿ ಒಂದು ಅರ್ಜಿ ಬರೆದುಕೊಡು, ನಿನ್ನ ಅಕ್ಷರ ದುಂಡಗಿದೆ ಎಂದ. ಈ ಕೊನೆಯ ಸೂಚನೆ ಸರ್ವಾನುಮತದಿಂದ ಪಾಸಾಗುವುದರಲ್ಲಿತ್ತು.

ಬಾಗಿಲಲ್ಲಿ ಅಂಬವ್ವ ನಿಂತಿದ್ದಳು. ಅವಳ ಕೈಯಲ್ಲಿ ಅಂಚು ಸುಟ್ಟ ಕಾರ್ಡಿತ್ತು, ನನ್ನ ಸಹಿಯದು. ಚೆಂಡು ಹೂವಿನ ಲೆಕ್ಕ ಹೇಳಲು ಬಂದ ದಿನ ಅವಳು ಎಲ್ಲವನ್ನೂ ಕೇಳಿದ್ದಳು. ಮಾಲಕರಿಗೆ ಅದನ್ನು ಹೇಳಲು ಅವಳಿಗೆ ಅರ್ಧ ನಿಮಿಷ ಸಾಕಿತ್ತು. ಅವಳು ಹೇಳಲಿಲ್ಲ. ನನ್ನ ಹತ್ತಿರ ಬಂದು ಕಾರ್ಡನ್ನು ನನ್ನ ಕೈಗೆ ಕೊಟ್ಟಳು. ಅವಳ ಬಾಯಿಂದ ಅಷ್ಟು ಸಣ್ಣ ದನಿ ನಾನು ಕೇಳಿದ್ದು ಅದೊಂದೇ ಸಲ.

“ಅಣ್ಣಾರ, ನಿಮಗ ಬರಿಯೂದು ಬರತೈತಿ. ಹೇಳೂದೂ ಬರತೈತೇನ ನೋಡ್ರಿ.”

ಮೂರು ಪುಟದ ಪತ್ರವನ್ನು ಉಸಿರು ಕಟ್ಟದೆ ಬರೆಯುವವನು ನಾನು. ನಾಲ್ಕು ಮಾತು ಹೇಳುವ ಮೊದಲು ಕಾರ್ಡನ್ನು ಎರಡು ಸಲ ತಿರುವಿ ಹಾಕಿದೆ.

“ಮಾಲಕ್ರ, ಬಣ್ಣ ಹಚ್ಚಂದಾಂವ ನಾನ್ರಿ. ಒಂದ ಇಂಚೂ ಬಿಡಬ್ಯಾಡ ಅಂದಿದ್ದೆ. ಗಾಜಿಗೂ ಹಚ್ಚಲೇನು ಅಂತ ಆಂವ ಕೇಳಿದ. ಎಲ್ಲಾದಕ್ಕೂ ಅಂದೆ.”

ಮಾಲಕರು ಕೈ ಚಾಚಿದರು. ಕಾರ್ಡು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

“ಕಾಟಾ ಹಸಿರು ಅಂತ ಬರದೀರಿ. ಬಣ್ಣದಾಗಿಂದ ಹೆಂಗ ಕಾಣ್ತು?”

“ಕಾಣಲಿಲ್ರಿ. ನಾ ನೋಡಿಲ್ಲ.”

“ಯಾವಾಗಿಂದ ನೋಡಿಲ್ಲ?”

“ಮೊದಲನೇ ವರ್ಷ ನಾಕ ತಿಂಗಳ ನೋಡಿದ್ನಿ.”

ಪಂಖಾದ ರೆಕ್ಕೆಯಿಂದ ಒಂದು ಹತ್ತಿಯ ಎಳೆ ಇಳಿದು ಬಂದು ಟೇಬಲ್ಲಿನ ಮೇಲೆ ಕೂತಿತು. ಅದನ್ನು ಅವರು ಬೆರಳಿನಿಂದ ಸರಿಸಿದರು.

“ಬಸಣ್ಣಾ, ನೀ ಕೈ ತೋರಿಸಿಕೊಂಡ ಬಾ, ದವಾಖಾನಿಗೆ ಹೋಗು. ಅಣ್ಣಾರಾವ್, ನೀವೂ ಹೋಗ್ರಿ. ಸೋಮವಾರ ಹೇಳ್ತೀನಿ.”

ಅದು ಶುಕ್ರವಾರ. ಶನಿವಾರ ಗೇಟಿನ ಖೋಲಿಯ ಮುಂದೆ ಒಂದು ಟ್ರಂಕು, ಹಗ್ಗದಿಂದ ಕಟ್ಟಿದ ಹಾಸಿಗೆ ಹೊರಗೆ ಬಂದಿದ್ದವು. ಹೇಗೂ ಹೋಗುವುದಾದರೆ ಕಟ್ಟಿಟ್ಟಿರಲಿ ಎಂದು ಬಸಣ್ಣನ ಹೆಂಡತಿ ಹೊರಗೆ ಇಟ್ಟಿದ್ದಳು. ಅದರ ಮುಂದೆ ಹಾದು ಆಫೀಸಿಗೆ ಹೋಗುವುದಕ್ಕೂ ಬರುವುದಕ್ಕೂ ಅದೊಂದೇ ದಾರಿ. ಬಸಣ್ಣ ಪಟ್ಟಿ ಕಟ್ಟಿದ ಕೈ ಎತ್ತಿ ಎಂದಿನಂತೆ ನಮಸ್ಕಾರ ಮಾಡಿದ.

“ಸಾಹೇಬ್ರ, ನೀವು ಹೇಳಬಾರದಿತ್ತರಿ. ಒಬ್ಬಂದು ಹೋಗೂದು, ಈಗ ಇಬ್ಬರದೂ ಹೋಗತೈತಿ.”

“ಹೋದ್ರ ಹೋಗ್ಲಿ,” ಅಂದೆ. ಧೈರ್ಯದಿಂದ ಅಂದದ್ದಲ್ಲ. ಬೇರೆ ಮಾತು ಹೊಳೆಯಲಿಲ್ಲ.

ಭಾನುವಾರ ಮನೆಯಲ್ಲಿ ಕೂತು ನನ್ನ ರಾಜೀನಾಮೆ ಹೇಗಿರಬೇಕೆಂದು ಎರಡು ಕರಡು ಬರೆದೆ. ಎರಡೂ ಬಹಳ ಚೆನ್ನಾಗಿ ಬಂದವು. ಹೆಂಡತಿಗೆ ಓದಿ ಹೇಳಿದೆ. ಅವಳು ಮೆಂತೆಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿ, “ಆ ಅಂಬವ್ವ ಹೇಳಿದ್ದ ಒಂದ ಮಾತ ಅವತ್ತ ಕೇಳಿದ್ರ ಇದ ಬರಿಯೂ ವ್ಯಾಳ್ಯಾ ಬರತಿರಲಿಲ್ಲ,” ಅಂದಳು. ಎರಡನ್ನೂ ಹರಿದು ಹಾಕಿದೆ.

ಸೋಮವಾರ ಬೆಳಗ್ಗೆ ನಾನು ಬರುವಷ್ಟರಲ್ಲಿ ಕಂಪನಿಯ ಗಾಡಿ ಬಂದು ಒಂಬತ್ತೂ ಸಿಲಿಂಡರುಗಳನ್ನು ಒಯ್ದು, ಹೊಸ ಒಂಬತ್ತನ್ನು ಗೋಡೆಗೆ ಹಾಕಿ ಹೋಗಿತ್ತು. ಟ್ರಂಕು ಖೋಲಿಯ ಒಳಗೆ ಹೋಗಿತ್ತು. ಬಸಣ್ಣ ಗೇಟಿನಲ್ಲಿದ್ದ. ನೋಟೀಸು ಬೋರ್ಡಿನ ಮೇಲಿದ್ದ ಕೆಲಸಗಳ ಹೊಸ ಪಟ್ಟಿಯಲ್ಲಿ ಹೆಡ್‌ಕ್ಲಾರ್ಕ್ ಎಂಬುದರ ಮುಂದೆ ನನ್ನ ಹೆಸರು ಹಾಗೇ ಇತ್ತು, ಸಿಲಿಂಡರುಗಳ ಉಸ್ತುವಾರಿ ಎಂಬುದರ ಮುಂದೆ ಅಂಬವ್ವನ ಹೆಸರಿತ್ತು.